ಪಟದೊಳಗಿನ ಹೆಣ್ಣುಮಕ್ಕಳು

ಮುಖವನ್ನು ಉಳಿಸಿಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಬಹು ಹಳೆಯದು. ಹೆಸರು ಬಾಯಿಂದ ಬಾಯಿಗೆ ಸಾಗಿ ಎರಡು ಮೂರು ತಲೆಮಾರು ಬಾಳೀತು. ಮುಖವಾದರೋ ಕಂಡವರ ಕಣ್ಣು ಮುಚ್ಚಿದಾಗ ತಾನೂ ಮುಚ್ಚಿಹೋಗುವುದು. ನಮ್ಮ ನಾಡಿನಲ್ಲಿ ಹೆಸರುಗಳಿಗೆ ಬರಗಾಲವಿಲ್ಲ. ಶಾಸನಗಳಲ್ಲಿ ದಾನ ಕೊಟ್ಟವರ, ಕೆರೆ ಕಟ್ಟಿಸಿದವರ, ಕಾದಿ ಮಡಿದವರ ಹೆಸರುಗಳು ಸಾಲುಸಾಲಾಗಿ ನಿಂತಿವೆ. ಆದರೆ ಮುಖಗಳು ವಿರಳ. ಹೆಂಗಸರ ಮುಖಗಳಂತೂ ಇನ್ನೂ ವಿರಳ. ಬನವಾಸಿ, ಹಾನಗಲ್ಲುಗಳ ಕಡೆ ತಿರುಗಾಡುವವರು ವೀರಗಲ್ಲುಗಳ ನಡುವೆ ಮಾಸ್ತಿಕಲ್ಲುಗಳನ್ನೂ ಕಂಡಿರಬಹುದು. ಗಂಡನ ಚಿತೆಯನ್ನೇರಿದ ಹೆಣ್ಣಿನ ನೆನಪಿಗೆ ನಿಲ್ಲಿಸಿದ ಇಂಥ ಕಲ್ಲುಗಳಲ್ಲಿ ಹಲವೆಡೆ ಆಕೆಯ ಗುರುತಾಗಿ ಕಡೆದಿರುವುದು ಒಂದು ತೋಳು ಮಾತ್ರ: ಕಂಬದಿಂದ ಹೊರಚಾಚಿ, ಮೊಣಕೈಯಲ್ಲಿ ಬಾಗಿ, ಬಳೆ ತೊಟ್ಟು ಮೇಲೆದ್ದು ನಿಂತ ತೋಳು, ಕೆಲವು ಸಲ ಕೈಯಲ್ಲೊಂದು ನಿಂಬೆಯ ಹಣ್ಣು. ಹೆಣ್ಣಿನ ಇಡಿಯ ಬಾಳಿನಿಂದ ಶಿಲ್ಪಿಗೆ ಉಳಿಸಬೇಕೆನಿಸಿದ್ದು ಅಷ್ಟು. ಆ ತೋಳಿನ ವಿಷಯವನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಈ ಲೇಖನದಲ್ಲಿ ಇನ್ನೂ ಎರಡು ತೋಳುಗಳ ಮಾತು ಬರಲಿದೆ.

ನಾನಿರುವ ಅಂಬಿಕಾನಗರವು ಹಳೆಯ ಊರಲ್ಲ. ಕಾಳೀ ನದಿಯ ಜಲವಿದ್ಯುತ್ ಯೋಜನೆಗಾಗಿ ಕಾಡಿನ ನಡುವೆ ಕಟ್ಟಿದ ವಸತಿ ಇದು. ಕೆಳಗೆ ಕಣಿವೆಯಲ್ಲಿ ನಾಗಝರಿಯ ವಿದ್ಯುದಾಗಾರ. ಮೇಲೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಹ ಮನೆಗಳ ಸಾಲು. ರಾಜ್ಯದ ನಾನಾ ಜಿಲ್ಲೆಗಳಿಂದ ಉದ್ಯೋಗನಿಮಿತ್ತ ಬಂದವರು ಈ ಮನೆಗಳಲ್ಲಿ ಬಾಳಿದರು. ಮನೆಗಳೆಲ್ಲ ಒಂದೇ ರೀತಿಯವಾದ್ದರಿಂದ ಒಬ್ಬರ ಮನೆಯನ್ನು ಇನ್ನೊಬ್ಬರ ಮನೆಯಿಂದ ಬೇರೆ ಮಾಡುವುದು ಗೋಡೆಯ ಮೇಲಿನ ಪಟಗಳೇ. ಒಂದು ಮನೆಯಲ್ಲಿ ರವಿವರ್ಮನ ಲಕ್ಷ್ಮಿಯ ಅಚ್ಚು, ಇನ್ನೊಂದರಲ್ಲಿ ಉಳವಿಯ ಚೆನ್ನಬಸವಣ್ಣನವರ ಪಟ, ಮತ್ತೊಂದರಲ್ಲಿ ಮೀಸೆಯ ಅಜ್ಜನೊಬ್ಬನ ಛಾಯಾಚಿತ್ರಕ್ಕೆ ಗಂಧದ ಹಾರ. ನನ್ನ ಗೋಡೆಯ ಮೇಲಿರುವುದು ಒಬ್ಬ ಅಮೆರಿಕನ್ ಮಹಿಳೆಯ ತೈಲಚಿತ್ರದ ಅಚ್ಚು. ಅಮೆರಿಕೆಯಲ್ಲಿರುವ ಬಂಧುಗಳೊಬ್ಬರು ವಾಷಿಂಗ್ಟನ್ನಿನ ರಾಷ್ಟ್ರೀಯ ಚಿತ್ರಶಾಲೆಯಿಂದ ತಂದುಕೊಟ್ಟದ್ದು. ಮೂಲವನ್ನು ಗಿಲ್ಬರ್ಟ್ ಸ್ಟುಅರ್ಟ್ ಎಂಬ ಚಿತ್ರಕಾರನು 1793-94ರಲ್ಲಿ ನ್ಯೂಯಾರ್ಕಿನಲ್ಲಿ ಬರೆದನು.

ಚಿತ್ರವು ಬಹು ಸರಳವಾದದ್ದು. ವಯಸ್ಸಾದ, ತೆಳ್ಳನೆಯ ಹೆಂಗಸು ಕುರ್ಚಿಯಲ್ಲಿ ಕುಳಿತಿದ್ದಾಳೆ. ಬೂದುಬಿಳುಪಿನ ರೇಷ್ಮೆಯ ಉಡುಗೆ, ತಲೆಯ ಮೇಲೆ ದೊಡ್ಡ ಬಿಳಿಯ ಕುಲಾವಿ. ಕೈಯಲ್ಲಿ ಹೊಲಿಗೆಯ ಬಟ್ಟೆ. ಸೂಜಿಯನ್ನು ಎಳೆದು ಹಿಡಿದಿದ್ದಾಳೆ, ದಾರ ಬಿಗಿದು ನಿಂತಿದೆ. ಆ ಕ್ಷಣದಲ್ಲಿ ಯಾರೋ ಬಾಗಿಲಲ್ಲಿ ಬಂದು ನಿಂತಂತೆ ಓರೆಗಣ್ಣಿನಿಂದ ನಮ್ಮನ್ನು ನೋಡುತ್ತಿದ್ದಾಳೆ. ‘ಬಂದ ಕೆಲಸವೇನು, ಬೇಗ ಹೇಳಿ’ ಎಂಬ ನೋಟ. ಹಿನ್ನೆಲೆಯಲ್ಲಿ ಪರದೆಯಿಲ್ಲ, ಕಂಬವಿಲ್ಲ, ತೋಟವಿಲ್ಲ. ಮುಖದ ಒಂದೊಂದು ಗೆರೆಯೂ ಇದ್ದದ್ದು ಇದ್ದಂತೆ ನಿಂತಿದೆ. ಆಕೆಯನ್ನು ಚೆಲುವೆಯನ್ನಾಗಿ ಮಾಡಲು ಚಿತ್ರಕಾರನು ಯತ್ನಿಸಿಲ್ಲ. ಆಕೆಯೂ ಅದನ್ನು ಬಯಸಿದಂತೆ ತೋರುವುದಿಲ್ಲ.

ಹಳಿಯಾಳದ ಕಡೆಯಿಂದ ಮಗನ ಮನೆಗೆ ಬಂದಿದ್ದ ವೃದ್ಧೆಯೊಬ್ಬರು ಒಂದು ದಿನ ನಮ್ಮಲ್ಲಿಗೆ ಬಂದು ಈ ಪಟದ ಮುಂದೆ ನಿಂತರು.

“ಮಾಸ್ತರ, ಈಕಿ ಯಾರ್ರಿ? ಹೊಲಿಗಿ ಬಿಟ್ಟು ನಮ್ಮನ್ನ ಯಾಕ ಹಿಂಗ ನೋಡಾಕತ್ತಾಳ?”

“ನ್ಯೂಯಾರ್ಕ್ ಅನ್ನೋ ಊರಿನ ಒಬ್ಬ ದೊಡ್ಡ ವ್ಯಾಪಾರಿ ಹೆಂಡತಿ, ಯವ್ವಾ. ರಿಚರ್ಡ್ ಯೇಟ್ಸ್ ಅಂತ ಆತನ ಹೆಸರು.”

“ಗಂಡನ ಹೆಸರು ಕೇಳಲಿಲ್ರಿ. ಆಕಿ ಹೆಸರೇನು?”

ಕ್ಯಾಥರೀನ್ ಎಂದು ಹೇಳಿದೆ. ಅಚ್ಚಿನ ಕೆಳಗೆ ಏನು ಬರೆದಿದೆಯೆಂದು ಅವರು ಕೇಳಿದರು. ‘ಶ್ರೀಮತಿ ರಿಚರ್ಡ್ ಯೇಟ್ಸ್’ ಎಂದಿದೆಯೆಂದೆ. “ಅಷ್ಟು ದೂರದಾಗೂ ಇದ ಆತೇನು!” ಎಂದು ನಕ್ಕು ಅವರು ಒಳಗೆ ಹೋದರು. ಆ ನಗೆಯ ಹಿಂದಿದ್ದ ಪ್ರಶ್ನೆಯು ನನ್ನನ್ನು ಬಹಳ ದಿನ ಬಿಡಲಿಲ್ಲ. ಅದನ್ನು ಬಿಡಿಸುವ ಯತ್ನವೇ ಈ ಬರಹ.

ಸ್ಟುಅರ್ಟನ ಕಾಲದ ಕಲೆಯನ್ನು ಪಾಶ್ಚಾತ್ಯರು ನವ-ಅಭಿಜಾತ ಪಂಥವೆಂದು ಕರೆಯುತ್ತಾರೆ. 1738ರಲ್ಲಿ ಹರ್ಕ್ಯುಲೇನಿಯಮ್, 1748ರಲ್ಲಿ ಪಾಂಪೇಯಿ, ಹೀಗೆ ಬೂದಿಯಡಿ ಹೂತುಹೋಗಿದ್ದ ರೋಮನ್ ಪಟ್ಟಣಗಳ ಉತ್ಖನನವು ಇಟಲಿಯಲ್ಲಿ ಆರಂಭವಾದಂದಿನಿಂದ ಯುರೋಪಿನವರಿಗೆ ಗ್ರೀಕ್ ರೋಮನ್ನರ ಮೇಲೆ ಹೊಸದೊಂದು ಮೋಹ ಹುಟ್ಟಿತು. ಹಿಂದಿನ ಕಾಲದ ಅರಮನೆಯ ಅಲಂಕಾರ, ಸುರುಳಿ, ಗೊಂಡೆಗಳು ಹೋಗಿ ನೇರವಾದ ಗೆರೆ, ನಿಲುವಿನಲ್ಲಿ ಗಾಂಭೀರ್ಯ, ಉಡುಪಿನಲ್ಲಿ ಸರಳತೆ ಬಂದವು. ಆಗ ತಾನೇ ಸ್ವತಂತ್ರವಾಗಿದ್ದ ಅಮೆರಿಕೆಗೆ ಇದು ಬಹಳ ಒಪ್ಪಿತು. ಅರಸನಿಲ್ಲದ ರಾಜ್ಯಕ್ಕೆ ಮಾದರಿಯಾಗಿ ಅವರು ಪ್ರಾಚೀನ ರೋಮಿನ ಗಣರಾಜ್ಯವನ್ನು ಕಂಡರು; ಸಭೆಗೆ ಸೆನೆಟ್ ಎಂದೂ ಸಭಾಭವನಕ್ಕೆ ಕ್ಯಾಪಿಟಲ್ ಎಂದೂ ರೋಮಿನ ಹೆಸರುಗಳನ್ನೇ ಇಟ್ಟರು. ಹೆಂಗಸರ ಉಡುಗೆಯೂ ಬದಲಾಯಿತು. ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಎದೆಯ ಕೆಳಗೇ ನಡುಕಟ್ಟು ಇರುವ, ಶಿಲಾಪ್ರತಿಮೆಯ ವಸ್ತ್ರದಂತೆ ಇಳಿಬೀಳುವ ಬಿಳಿಯ ನಿಲುವಂಗಿ ಅಲ್ಲಿಯ ಸಿರಿವಂತ ಮನೆಗಳಲ್ಲಿ ರೂಢಿಯಾಯಿತು. ಸ್ಟುಅರ್ಟನು 1804ರಲ್ಲಿ ಬರೆದ ಡಾಲಿ ಮ್ಯಾಡಿಸನ್ನಳ ಚಿತ್ರದಲ್ಲಿ ಈ ಉಡುಗೆಯನ್ನು ಕಾಣಬಹುದು. ಇಂಥ ನಿಲುವಂಗಿಗೆ ಎಲ್ಲರೂ ಬಯಸುತ್ತಿದ್ದ ಬಟ್ಟೆ ನಯವಾದ ಮಸ್ಲಿನ್. ಅದರಲ್ಲಿ ಬಹುಭಾಗ ನಮ್ಮ ದೇಶದ ನೇಕಾರರ ಮಗ್ಗದಿಂದ ಹೋದದ್ದು. ಗ್ರೀಕ್ ದೇವತೆಯಂತೆ ಕಾಣಬೇಕೆಂದು ಅಮೆರಿಕೆಯ ಹೆಣ್ಣು ಉಟ್ಟದ್ದು ಹಿಂದುಸ್ತಾನದ ಹತ್ತಿಯನ್ನು!

ಸ್ಟುಅರ್ಟನು ರೋಡ್ ಐಲೆಂಡ್ ಪ್ರಾಂತದಲ್ಲಿ 1755ರಲ್ಲಿ ಹುಟ್ಟಿದನು. ಲಂಡನ್ನಿನಲ್ಲಿ ಬೆಂಜಮಿನ್ ವೆಸ್ಟನ ಶಿಷ್ಯನಾಗಿ ಕಲಿತು ಹೆಸರು ಮಾಡಿ, ಸಾಲಗಾರರಿಗೆ ಅಂಜಿ ಐರ್ಲೆಂಡಿನ ಡಬ್ಲಿನ್ನಿಗೆ ಹೋಗಿ, ಅಲ್ಲಿಯೂ ಸಾಲ ಮಾಡಿ, 1793ರಲ್ಲಿ ಸ್ವದೇಶಕ್ಕೆ ಮರಳಿದನು. ಜಾರ್ಜ್ ವಾಷಿಂಗ್ಟನ್ನರ ಮುಖವೆಂದು ಜಗತ್ತು ಇಂದು ಗುರುತಿಸುವುದು ಈತನು ಬರೆದ ಮುಖವನ್ನೇ. ಒಂದು ಡಾಲರಿನ ನೋಟಿನ ಮೇಲಿರುವುದೂ ಅದೇ. ಈತನ ಮುಂದೆ ಕುಳಿತ ಇನ್ನೊಬ್ಬ ಮಹಿಳೆ ಎರಡನೆಯ ಅಧ್ಯಕ್ಷರ ಪತ್ನಿ ಅಬಿಗೇಲ್ ಆಡಮ್ಸ್. 1800ರಲ್ಲಿ ತೊಡಗಿದ ಆ ಚಿತ್ರವನ್ನು ಈ ಪುಣ್ಯಾತ್ಮನು 1815ರಲ್ಲಿ ಮುಗಿಸಿಕೊಟ್ಟನು! ಅದರಲ್ಲಿ ಕಾಣುವುದು ಬಿಳಿಯ ಕುಲಾವಿ, ಶಾಲು ಹೊದ್ದ, ಗಂಭೀರವಾದ ವೃದ್ಧೆ. ಆದರೆ ಆಕೆಯ ಬಾಳಿನ ಒಂದು ದೊಡ್ಡ ಪ್ರಸಂಗದ ಗುರುತು ಆ ಚಿತ್ರದಲ್ಲಿ ಇಲ್ಲ. 1776ರ ಜುಲೈ ತಿಂಗಳಲ್ಲಿ ಗಂಡನು ದೂರದ ಫಿಲಡೆಲ್ಫಿಯಾದಲ್ಲಿ ಸ್ವಾತಂತ್ರ್ಯದ ಸಭೆಯಲ್ಲಿದ್ದಾಗ, ಈಕೆ ತನ್ನ ನಾಲ್ಕು ಮಕ್ಕಳನ್ನು ಕರೆದುಕೊಂಡು ಬಾಸ್ಟನ್ನಿಗೆ ಹೋಗಿ, ತನಗೂ ಮಕ್ಕಳಿಗೂ ಸಿಡುಬನ್ನು ಬೇಕೆಂದೇ ಅಂಟಿಸಿಕೊಂಡಳು. ಇದು ಅಂದಿನ ಚಿಕಿತ್ಸೆಯ ಕ್ರಮ. ರೋಗಿಯ ಬೊಕ್ಕೆಯ ಕೀವನ್ನು ತೋಳಿನಲ್ಲಿ ಗೀರಿ ಸೇರಿಸಿದರೆ ರೋಗವು ಸಾಮಾನ್ಯವಾಗಿ ಸೌಮ್ಯವಾಗಿ ಬಂದು ಹೋಗುತ್ತಿತ್ತು. ಆಮೇಲೆ ಆಯುಷ್ಯದುದ್ದಕ್ಕೂ ಭಯವಿಲ್ಲ. ಆದರೆ ಕೆಲವರಿಗೆ ಸೌಮ್ಯವಾಗಿ ಬರುತ್ತಿರಲಿಲ್ಲ. ಗಂಡನು ಸಮೀಪದಲ್ಲಿಲ್ಲದ ಹೊತ್ತಿನಲ್ಲಿ ನಾಲ್ಕು ಮಕ್ಕಳ ಪ್ರಾಣವನ್ನು ತಕ್ಕಡಿಯಲ್ಲಿಟ್ಟ ತಾಯಿಯ ಎದೆಗಾರಿಕೆಯನ್ನು ಸ್ಟುಅರ್ಟನ ಕುಂಚವು ಎಲ್ಲಿಯೂ ಬರೆಯಲಿಲ್ಲ. ಭಾವಚಿತ್ರವೆಂದರೆ ಆ ಕಾಲದವರಿಗೆ ಮನೆತನದ ಮರ್ಯಾದೆಯ ಗುರುತು. ತೋಳಿನ ಮೇಲಿನ ಕಲೆಗೆ ಅದರಲ್ಲಿ ಎಡೆಯಿರಲಿಲ್ಲ.

ಎಡೆ ಸಿಕ್ಕಿದ ಚಿತ್ರವೊಂದು ಬೇರೆ ಕಡೆಯಲ್ಲಿದೆಯೆಂದು ತಿಳಿದಾಗ ನನಗಾದ ಆಶ್ಚರ್ಯವು ಅಷ್ಟಿಷ್ಟಲ್ಲ. ಆ ಬೇರೆ ಕಡೆ ಯಾವುದೆಂದರೆ ನಮ್ಮ ಮೈಸೂರು.

ಸ್ಟುಅರ್ಟನು ನ್ಯೂಯಾರ್ಕ್, ಫಿಲಡೆಲ್ಫಿಯಾ, ವಾಷಿಂಗ್ಟನ್ನುಗಳಲ್ಲಿ ಅಮೆರಿಕೆಯ ಗೃಹಿಣಿಯರನ್ನು ಬರೆಯುತ್ತಿದ್ದ ಕಾಲದಲ್ಲಿಯೇ ಡಬ್ಲಿನ್ನಿನಲ್ಲಿ ಹುಟ್ಟಿದ ಇನ್ನೊಬ್ಬ ಚಿತ್ರಕಾರನು ಅದೇ ಬಗೆಯ ಎಣ್ಣೆಬಣ್ಣ, ಅದೇ ಬಗೆಯ ಬಿಗಿದ ಬಟ್ಟೆ ಹಿಡಿದು ನಮ್ಮ ಸೀಮೆಯಲ್ಲಿ ತಿರುಗುತ್ತಿದ್ದನು. ಆತನ ಹೆಸರು ಥಾಮಸ್ ಹಿಕಿ; ಹುಟ್ಟಿದ್ದು 1741ರಲ್ಲಿ. ಹಿಂದುಸ್ತಾನಕ್ಕೆ ಹೊರಟವನು ದಾರಿಯಲ್ಲಿ ಶತ್ರುಗಳ ಹಡಗುಪಡೆಗೆ ಸಿಕ್ಕಿ, ಕೆಲವು ವರ್ಷ ಲಿಸ್ಬನ್ನಿನಲ್ಲಿ ಕಳೆದು, 1784ರಲ್ಲಿ ಕಲಕತ್ತೆಯನ್ನು ಮುಟ್ಟಿದನು. ಮುಂದೆ ಮೆಕಾರ್ಟ್ನಿಯ ರಾಯಭಾರದೊಂದಿಗೆ ಚೀನಾ ದೇಶಕ್ಕೂ ಹೋಗಿಬಂದನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಟೀಪೂ ಸುಲ್ತಾನನು ಮಡಿದಾಗ ಈತನು ದಕ್ಷಿಣದಲ್ಲಿದ್ದನು. ಟೀಪೂವಿನ ಮಕ್ಕಳ, ಕುಂಪಣಿಯ ಸೇನಾಧಿಕಾರಿಗಳ ರೂಪುಗಳನ್ನು ಬರೆದದ್ದಲ್ಲದೆ ದಿವಾನ್ ಪೂರ್ಣಯ್ಯನವರ ತೈಲಚಿತ್ರವನ್ನೂ ಬರೆದನು. 1816ರಲ್ಲಿ ಈತನು ಬರೆದ ಕರ್ನಲ್ ಮೆಕೆಂಜಿಯ ಚಿತ್ರದಲ್ಲಿ ಆ ಅಧಿಕಾರಿಯ ಸುತ್ತ ನಮ್ಮ ದೇಶದ ಮೂವರು ಸಹಾಯಕರು ನಿಂತಿದ್ದಾರೆ. ಹಿನ್ನೆಲೆಯಲ್ಲಿ ಬೆಟ್ಟದ ಮೇಲೆ ಕಾರ್ಕಳದ ಗೊಮ್ಮಟನು. 1824ರಲ್ಲಿ ಮದರಾಸಿನಲ್ಲಿ ತೀರಿಕೊಂಡನು.

ಈ ಹಿಕಿಯು 1805ರ ಸುಮಾರಿಗೆ ಬರೆದ ತೈಲಚಿತ್ರವೊಂದರಲ್ಲಿ ಮೂವರು ಹೆಂಗಸರಿದ್ದಾರೆ. ಜರಿಯ ಸೀರೆ, ಮೈತುಂಬ ಆಭರಣ. ಬಲಗಡೆಯಲ್ಲಿ ನಿಂತವಳು ಎಳೆಯ ಹುಡುಗಿ. ಸೆರಗು ಮುಚ್ಚಬೇಕಾಗಿದ್ದ ಎಡತೋಳನ್ನು ತೆರೆದು, ಬಲಗೈಯಿಂದ ಅದರ ಕಡೆ ತೋರಿಸುತ್ತಿದ್ದಾಳೆ. ಬಹುಕಾಲದವರೆಗೆ ಇವರು ಯಾರೆಂಬುದು ತಿಳಿಯದೆ, ನರ್ತಕಿಯರೆಂದೋ ಗಣಿಕೆಯರೆಂದೋ ಊಹಿಸಿದ್ದರು. ಗುರುತಿಲ್ಲದ ಹೆಣ್ಣಿನ ಚಿತ್ರಕ್ಕೆ ಜಗತ್ತು ಮೊದಲು ಹಚ್ಚುವ ಹೆಸರು ಅದೇ ತಾನೆ! ಲಂಡನ್ನಿನ ಸಾದಬೀಸ್ ಎಂಬ ಹರಾಜುಮನೆಯ ಮೂಲಕ 2007ರಲ್ಲಿ ಈ ಚಿತ್ರವು ಮಾರಾಟಕ್ಕೆ ಬಂದಿತು. ಕೇಂಬ್ರಿಜ್ಜಿನ ಇತಿಹಾಸಜ್ಞರಾದ ನೈಜಲ್ ಚಾನ್ಸಲರ್ ಎಂಬವರು, ಇವರು ನರ್ತಕಿಯರಲ್ಲ, ಮೈಸೂರು ಅರಮನೆಯ ರಾಣಿಯರು ಎಂದು ಆಧಾರಸಹಿತವಾಗಿ ವಾದಿಸಿದರು. ಅವರ ಮತದ ಪ್ರಕಾರ ಬಲಗಡೆಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಎಡಗಡೆಯವಳು ಹಿರಿಯ ರಾಣಿ, ಆಕೆಯ ಹೆಸರೂ ದೇವಾಜಮ್ಮಣ್ಣಿಯೇ. ನಡುವೆ ಇರುವವರು ಅರಸರ ಅಜ್ಜಿ, ಮಹಾರಾಣಿ ಲಕ್ಷ್ಮಮ್ಮಣ್ಣಿಯವರು. ಕಿರಿಯಳು ತೋರಿಸುತ್ತಿರುವುದು ಸಿಡುಬಿನ ಹೊಸ ಔಷಧವನ್ನು ಹಾಕಿಸಿಕೊಂಡ ಜಾಗವನ್ನು.

ಆ ಔಷಧದ ಕಥೆಯೂ ಸ್ವಾರಸ್ಯವಾದದ್ದು. ಹಸುವಿನ ಕೆಚ್ಚಲಿನ ಮೇಲೆ ಏಳುವ ಸಿಡುಬು ಹಾಲು ಕರೆಯುವವರ ಕೈಗೆ ಅಂಟಿದರೆ ಅವರಿಗೆ ಮನುಷ್ಯರ ಸಿಡುಬು ಬರುವುದಿಲ್ಲವೆಂದು ಇಂಗ್ಲೆಂಡಿನ ಹಳ್ಳಿಗರಲ್ಲಿ ಒಂದು ಮಾತಿತ್ತು. ಎಡ್ವರ್ಡ್ ಜೆನ್ನರ್ ಎಂಬ ವೈದ್ಯನು 1796ರಲ್ಲಿ ಅದನ್ನು ಪರೀಕ್ಷಿಸಿ, 1798ರಲ್ಲಿ ಪ್ರಕಟಿಸಿದನು. ಎರಡೇ ವರ್ಷಗಳಲ್ಲಿ, 1800ರ ಜುಲೈಯಲ್ಲಿ, ಬಾಸ್ಟನ್ನಿನ ಸಮೀಪದಲ್ಲಿ ವೈದ್ಯ ಬೆಂಜಮಿನ್ ವಾಟರ್ಹೌಸನು ತನ್ನ ಐದು ವರ್ಷದ ಮಗನಿಗೆ ಅದನ್ನು ಹಾಕಿದನು. ಈ ವಾಟರ್ಹೌಸನು ನಮ್ಮ ಸ್ಟುಅರ್ಟನ ಬಾಲ್ಯಸ್ನೇಹಿತ. ಎಳವೆಯಲ್ಲಿ ಸ್ಟುಅರ್ಟನು ಈತನ ಚಿತ್ರವನ್ನೂ ಬರೆದಿದ್ದನು. ಮರುವರ್ಷ ಈತನು ಕಳುಹಿಸಿದ ಔಷಧವನ್ನು ಅಧ್ಯಕ್ಷ ಜೆಫರ್ಸನ್ನರು ತಮ್ಮ ಮನೆಯವರಿಗೆಲ್ಲ ಹಾಕಿಸಿದರು. ನಮ್ಮ ದೇಶಕ್ಕೆ ಬರುವ ಹಾದಿ ಮಾತ್ರ ಕಷ್ಟದ್ದಾಗಿತ್ತು. ಔಷಧದ ರಸಿಕೆಯಲ್ಲಿ ದಾರವನ್ನು ಅದ್ದಿ ಒಣಗಿಸಿ ಹಡಗಿನಲ್ಲಿಟ್ಟರೆ ಬಿಸಿಲಿನ ತಾಪಕ್ಕೆ ಅದರ ಶಕ್ತಿ ಕೆಡುತ್ತಿತ್ತು. ಉಳಿದ ಉಪಾಯವೆಂದರೆ ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿಸುವುದು. ಹಾಕಿದ ಎಂಟನೆಯ ದಿನದ ಹೊತ್ತಿಗೆ ಬೊಕ್ಕೆ ಮಾಗುವುದು. ಅದರ ರಸಿಕೆಯನ್ನು ತೆಗೆದು ಮತ್ತೊಬ್ಬರ ತೋಳಿಗೆ ಸೇರಿಸಬೇಕು. ಸರಪಳಿಯ ಒಂದು ಕೊಂಡಿ ತಪ್ಪಿದರೆ ಎಲ್ಲವೂ ವ್ಯರ್ಥ. ವಿಯೆನ್ನಾದಿಂದ ಬಾಗ್ದಾದಿಗೆ, ಬಾಗ್ದಾದಿನಿಂದ ಬಸ್ರಾಕ್ಕೆ, ಅಲ್ಲಿಂದ ಮುಂಬಯಿಗೆ ಅದು ಸಾಗಿ ಬಂದಿತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದ್ದೇ ಈ ದೇಶದಲ್ಲಿ ಮೊದಲನೆಯದು. ಆ ಮಗುವಿನ ತೋಳಿನಿಂದ ಹೊರಟದ್ದು ದಕ್ಷಿಣಕ್ಕೆಲ್ಲ ಹಬ್ಬಿತು.

ಹೀಗೆ ತೋಳಿನಿಂದ ತೋಳಿಗೆ ದಾಟಿಸುವುದೆಂದರೆ ನಮ್ಮ ಸಮಾಜದಲ್ಲಿ ಏನರ್ಥವೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಾರ ಮೈಯ ರಸಿಕೆ ಯಾರ ಮೈಗೆ? ಮಡಿಯೆಲ್ಲಿ, ಮೈಲಿಗೆಯೆಲ್ಲಿ? ಅದರ ಮೇಲೆ, ಸಿಡುಬು ನಮ್ಮವರಿಗೆ ಕೇವಲ ರೋಗವಾಗಿರಲಿಲ್ಲ. ಅದು ಅಮ್ಮನ ಬರವು. ಮಾರೆಮ್ಮ, ದ್ಯಾಮವ್ವ, ದುರ್ಗವ್ವನ ಮುನಿಸಿಗೆ ಮದ್ದು ಹಾಕುವುದೆಂದರೆ ದೇವಿಯೊಂದಿಗೆ ಸೆಣಸಿದಂತೆ. ಔಷಧ ತಂದವರೋ, ನಾಡನ್ನು ಗೆದ್ದು ಕುಳಿತ ಪರದೇಶದವರು. ಅವರ ಮಾತನ್ನು ನಂಬುವುದೆಂತು? ಇಂಥ ಸ್ಥಿತಿಯಲ್ಲಿ ಅರಮನೆಯ ರಾಣಿಯೇ ತೋಳು ಕೊಟ್ಟರೆ ಪ್ರಜೆಗಳ ಅಂಜಿಕೆ ಕಡಮೆಯಾಗುವುದು ಸಹಜ. ರಾಣಿಯು ಔಷಧವನ್ನು ಹಾಕಿಸಿಕೊಂಡದ್ದನ್ನು ಕಂಡು ಜನರು ಮುಂದೆ ಬಂದರೆಂಬ ಅರ್ಥದ ದಾಖಲೆಯೊಂದು 1806ರ ಜುಲೈ ತಿಂಗಳದ್ದು ಚಾನ್ಸಲರರಿಗೆ ದೊರೆತಿದೆ. ಚಿತ್ರದಲ್ಲಿ ಹಿರಿಯ ರಾಣಿಯ ಮೂಗಿನ ಕೆಳಗೆ, ಬಾಯಿಯ ಸುತ್ತ ಬಣ್ಣ ಮಾಸಿದೆ. ಒಣಗಿದ ಬೊಕ್ಕೆಯ ಪುಡಿಯನ್ನು ಮೂಗಿನಲ್ಲಿ ಊದಿ ಸಿಡುಬನ್ನು ಬರಿಸುವ ಹಳೆಯ ಪದ್ಧತಿಯ ಗುರುತು ಅದು ಎಂದು ಅವರ ಅಭಿಪ್ರಾಯ. ಹಾಗಾದರೆ ಚಿತ್ರದ ಎಡಕ್ಕೆ ಹಳೆಯ ಚಿಕಿತ್ಸೆ, ಬಲಕ್ಕೆ ಹೊಸ ಚಿಕಿತ್ಸೆ. ನಡುವೆ ನಿಂತ ಲಕ್ಷ್ಮಮ್ಮಣ್ಣಿಯವರು ಪತಿಯನ್ನು ಸಿಡುಬಿನಿಂದಲೇ ಕಳೆದುಕೊಂಡವರು ಎಂದೂ ಅವರು ಹೇಳುತ್ತಾರೆ.

ಇದು ಚಿತ್ರವನ್ನೂ ದಾಖಲೆಯನ್ನೂ ಜೋಡಿಸಿ ಮಾಡಿದ ಅನುಮಾನವೇ ಹೊರತು, ಮೂವರ ಹೆಸರನ್ನೂ ಹಿಕಿಯು ಬಟ್ಟೆಯ ಮೇಲೆ ಬರೆದಿಟ್ಟುಹೋಗಲಿಲ್ಲ. ಆದರೂ ಆ ಅನುಮಾನವು ಬಲವಾದದ್ದು. ರಾಣೀವಾಸದ ಸ್ತ್ರೀಯರು ಪರಪುರುಷನಾದ ಪರದೇಶಿಯ ಮುಂದೆ ಬಂದು ನಿಲ್ಲುವುದು ಆ ಕಾಲದಲ್ಲಿ ಸಣ್ಣ ಮಾತಾಗಿರಲಿಲ್ಲ. ಅದಕ್ಕೆ ಲಕ್ಷ್ಮಮ್ಮಣ್ಣಿಯವರಂಥವರ ಸಮ್ಮತಿ ಬೇಕಾಗಿತ್ತು. 1766ರಲ್ಲಿ ಪತಿಯನ್ನು ಕಳೆದುಕೊಂಡ ಈ ಹೆಣ್ಣುಮಗಳು ಹೈದರ್, ಟೀಪೂ ಇಬ್ಬರ ಆಳಿಕೆಯುದ್ದಕ್ಕೂ ಗುಪ್ತವಾಗಿ ಇಂಗ್ಲಿಷರೊಡನೆ ಮಾತುಕತೆ ನಡೆಸುತ್ತ, ಕಡೆಗೆ 1799ರ ಜೂನ್ 30ರಂದು ಐದು ವರ್ಷದ ಮೊಮ್ಮಗನನ್ನು ಗದ್ದಿಗೆಯ ಮೇಲೆ ಕುಳ್ಳಿರಿಸಿದವರು. 1810ರಲ್ಲಿ ತೀರಿಕೊಂಡರು. ಮೂವತ್ತು ಮೂರು ವರ್ಷ ಕಾದವರಿಗೆ ಯಾವುದಕ್ಕೆ ಒಪ್ಪಬೇಕು, ಯಾವುದಕ್ಕೆ ಬಾರದು ಎಂಬುದು ಚೆನ್ನಾಗಿ ಗೊತ್ತಿದ್ದಿರಬೇಕು.

ಕುಂಪಣಿಯವರಿಗೆ ಇದರಲ್ಲಿ ಸ್ವಾರ್ಥವಿರಲಿಲ್ಲವೆಂದು ನಾನು ಹೇಳಲಾರೆ. ಪ್ರಜೆ ಸತ್ತರೆ ಕಂದಾಯ ಬರುವುದಿಲ್ಲ. ಸಿಪಾಯಿ ಸತ್ತರೆ ಯುದ್ಧ ನಡೆಯುವುದಿಲ್ಲ. ಅರಮನೆಗೂ ತನ್ನ ಲೆಕ್ಕವಿತ್ತು: ಪಟ್ಟ ಕೊಟ್ಟವರ ವಿಶ್ವಾಸವನ್ನು ಉಳಿಸಿಕೊಳ್ಳಬೇಕಾಗಿತ್ತು. ಈ ಎರಡು ಲೆಕ್ಕಗಳ ನಡುವೆ ನಿಂತವಳು ಹನ್ನೆರಡರ ಆಸುಪಾಸಿನ ಹುಡುಗಿ. ಆಕೆಯನ್ನು ಯಾರಾದರೂ ಕೇಳಿದರೆ? ಕೇಳಿರಲಾರರು. ತವರನ್ನು ಬಿಟ್ಟು ಬಂದ ಹೊಸತರಲ್ಲಿ, ಗುರುತಿಲ್ಲದ ವೈದ್ಯನ ಚಾಕುವಿಗೆ ತೋಳನ್ನು ಒಡ್ಡಿ, ಆಮೇಲೆ ಗುರುತಿಲ್ಲದ ಚಿತ್ರಕಾರನ ಕಣ್ಣಿಗೆ ಅದೇ ತೋಳನ್ನು ಒಡ್ಡಿ ನಿಲ್ಲಬೇಕಾಯಿತು. ಆದರೂ ಚಿತ್ರದಲ್ಲಿ ಆಕೆ ಕುಗ್ಗಿಲ್ಲ. ಕಣ್ಣು ನೇರವಾಗಿದೆ. ಕೈ ತೋರಿಸುವ ರೀತಿಯಲ್ಲಿ, ‘ನೋಡಿ, ನನಗೇನೂ ಆಗಿಲ್ಲ’ ಎಂಬ ಮಾತಿರುವಂತೆ ನನಗೆ ಕಾಣುತ್ತದೆ. ಆಜ್ಞೆಯಿಂದ ಮಾಡಿದ ಕೆಲಸದೊಳಗೂ ಧೈರ್ಯವು ತನ್ನದೇ ಆಗಿರಲು ಸಾಧ್ಯ. ಮಾಸ್ತಿಕಲ್ಲಿನ ತೋಳು ಸಾವಿನ ಕಡೆಗೆ ಎತ್ತಿದ್ದು. ಈ ತೋಳು ಬದುಕಿನ ಕಡೆಗೆ.

ಇಷ್ಟೆಲ್ಲ ಓದಿದಾಗ ನನಗೆ ನೆನಪಾದದ್ದು ನನ್ನ ತಂದೆಯ ತಾಯಿ. ನಮ್ಮ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ ದೇವಿ ಹಾಕುವವನು ವರ್ಷಕ್ಕೊಮ್ಮೆ ಹಳ್ಳಿಗೆ ಬರುತ್ತಿದ್ದನಂತೆ. ಅವನು ಬಂದನೆಂದು ತಿಳಿದೊಡನೆ ಮಕ್ಕಳನ್ನು ಹುಲ್ಲಿನ ಬಣವೆಯ ಹಿಂದೆ, ಅಟ್ಟದ ಮೇಲೆ ಬಚ್ಚಿಡುತ್ತಿದ್ದರು. ಅಜ್ಜಿಯ ಚೊಚ್ಚಲು ಮಗಳು ಸಿಡುಬಿನಿಂದ ಹೋಗಿತ್ತು. ಎರಡನೆಯ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಅಜ್ಜಿ ಯಾರಿಗೂ ಹೇಳದೆ ಕೇಳದೆ ಕಟ್ಟೆಯ ಬಳಿಗೆ ಹೋಗಿ, ಮೊದಲು ತನ್ನ ಎಡತೋಳನ್ನು ಚಾಚಿದಳು, ಆಮೇಲೆ ಕೂಸಿನದನ್ನು. ಆ ಕೂಸು ನನ್ನ ತಂದೆ. ಮನೆಗೆ ಬಂದ ಮೇಲೆ ಹಿರಿಯರು ಮೂರು ದಿನ ಆಕೆಯೊಡನೆ ಮಾತನಾಡಲಿಲ್ಲವಂತೆ. ಎಂಟನೆಯ ದಿನ ಕೂಸು ಆಡುತ್ತಿದ್ದುದನ್ನು ಕಂಡು ಓಣಿಯ ಇನ್ನಿಬ್ಬರು ಹೆಂಗಸರು ಮುಂದಿನ ವರ್ಷ ತಾವೂ ಹಾಕಿಸುವೆವೆಂದರು. ಅವರು ಹಾಕಿಸಿದರೆಂದು ತಂದೆಯವರು ಹೇಳುತ್ತಿದ್ದರು.

ನಮ್ಮ ಮನೆಯಲ್ಲಿ ಅಜ್ಜನ ಪಟವಿದೆ. ಹುಬ್ಬಳ್ಳಿಯಲ್ಲಿ ತೆಗೆಸಿದ್ದು, ರುಮಾಲು, ಕೋಟು, ಕೈಯಲ್ಲಿ ಬೆತ್ತ. ಅಜ್ಜಿಯ ಪಟವಿಲ್ಲ. ಪೇಟೆಗೆ ಹೋಗಿ ಪಟ ತೆಗೆಸಿಕೊಳ್ಳುವ ಕೆಲಸ ಆಕೆಗೆ ಎಂದೂ ಬೀಳಲಿಲ್ಲ. ನನ್ನ ನೆನಪಿನಲ್ಲಿ ಉಳಿದಿರುವುದು, ರೊಟ್ಟಿ ಬಡಿಯುವಾಗ ಮೇಲೆ ಕೆಳಗೆ ಆಡುತ್ತಿದ್ದ ಆ ಎಡತೋಳು, ಅದರ ಮೇಲೆ ಬೆಳ್ಳಿಯ ಪಾವಲಿಯಷ್ಟಗಲದ ಎರಡು ಕಲೆ. ಮುಖವನ್ನು ನೆನೆಯಲು ಹೊರಟರೆ ಅದು ತೇಲಿ ತೇಲಿ ಹೋಗುತ್ತದೆ, ತೋಳು ನಿಲ್ಲುತ್ತದೆ. ಅಂಥ ಕಲೆಯ ತೋಳುಗಳು ಇನ್ನು ಕೆಲವು ದಿನಗಳಲ್ಲಿ ಜಗತ್ತಿನಲ್ಲಿಯೇ ಇಲ್ಲವಾಗುವುವು. ನಮ್ಮ ದೇಶದಲ್ಲಿ 1975ರ ತರುವಾಯ ಸಿಡುಬು ಕಾಣಿಸಲಿಲ್ಲ. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಸಾರಿದರು. ಔಷಧ ಹಾಕುವುದೂ ನಿಂತಿತು. ಆ ರೋಗವನ್ನು ಗೆದ್ದವರ ಪಟ್ಟಿಯಲ್ಲಿ ಜೆನ್ನರನ ಹೆಸರಿದೆ, ವಾಟರ್ಹೌಸನ ಹೆಸರಿದೆ, ಅದು ನ್ಯಾಯವೇ. ಆದರೆ ತೋಳು ಚಾಚಿದವರು ಇಲ್ಲದಿದ್ದರೆ ವೈದ್ಯನ ಚಾಕು ಏನು ಮಾಡಬಲ್ಲುದಾಗಿತ್ತು?

ಈಗ ವೃದ್ಧೆಯ ಪ್ರಶ್ನೆಗೆ ಬರುತ್ತೇನೆ. ಚಿತ್ರದೊಳಗಿನ ಹೆಂಗಸಿನ ಹೆಸರೇಕೆ ಚಿತ್ರದ ಕೆಳಗಿಲ್ಲ? ನನಗೆ ಕಾಣುವ ಉತ್ತರವು ಇಷ್ಟು. ಹೆಂಗಸಿನ ಚಿತ್ರವನ್ನು ಬರೆಯಿಸಿದವರು ಸಾಮಾನ್ಯವಾಗಿ ಆಕೆಯ ಸಲುವಾಗಿ ಬರೆಯಿಸಲಿಲ್ಲ. ನ್ಯೂಯಾರ್ಕಿನಲ್ಲಿ ಅದು ವರ್ತಕನ ಮನೆಯ ಪ್ರತಿಷ್ಠೆ. ಮೈಸೂರಿನಲ್ಲಿ ಅದು ರಾಜಕಾರಣದ ಸಾಧನ. ಕೆಲಸ ಮುಗಿದ ಮೇಲೆ ಹೆಸರಿನ ಅಗತ್ಯವು ಅವರಿಗೆ ಕಾಣಲಿಲ್ಲ. ಅಲ್ಲಿ ಕ್ಯಾಥರೀನಳ ಹೆಸರು ಗಂಡನ ಹೆಸರಿನ ಹಿಂದೆ ಸರಿಯಿತು. ಇಲ್ಲಿ ಇಬ್ಬರು ರಾಣಿಯರಿಗೂ ಒಂದೇ ಹೆಸರು, ಆ ಒಂದು ಹೆಸರೂ ಚಿತ್ರದಿಂದ ಕಳಚಿಬಿದ್ದು ಇನ್ನೂರು ವರ್ಷ ಅವರು ಹೆಸರಿಲ್ಲದ ನರ್ತಕಿಯರಾಗಿ ಪರದೇಶದ ಗೋಡೆಗಳ ಮೇಲೆ ತೂಗಿದರು. ಆದರೆ ಒಳ್ಳೆಯ ಚಿತ್ರಕಾರನ ಕುಂಚಕ್ಕೆ ಒಂದು ಪ್ರಾಮಾಣಿಕತೆ ಇರುತ್ತದೆ. ಬರೆಯಿಸಿದವರ ಉದ್ದೇಶವನ್ನು ಮೀರಿ ಅದು ಕಂಡದ್ದನ್ನು ಬರೆದಿಡುತ್ತದೆ. ಕ್ಯಾಥರೀನಳ ಓರೆನೋಟ, ದೇವಾಜಮ್ಮಣ್ಣಿಯ ತೆರೆದ ತೋಳು ಹಾಗೆ ಉಳಿದವು. ಯಾವನೋ ಒಬ್ಬನು ತಾಳ್ಮೆಯಿಂದ ನೋಡಿದಾಗ ಹೆಸರು ಹಿಂದಿರುಗಿ ಬರಲು ಅವೇ ದಾರಿಯಾದವು.

ಹೀಗೆ ಹಿಂದಿರುಗುವ ಭಾಗ್ಯ ಎಲ್ಲ ಚಿತ್ರಗಳಿಗೂ ಇಲ್ಲ. ಸೂಪಾದ ಅಣೆಕಟ್ಟಿನ ಜಲಾಶಯದಲ್ಲಿ ಸೂಪಾ ಊರೂ ಸುತ್ತಣ ಹಳ್ಳಿಗಳೂ ಮುಳುಗಿದವು. ಅಲ್ಲಿಯ ಜನರಲ್ಲಿ ಅನೇಕರು ರಾಮನಗರದಲ್ಲಿ ನೆಲೆನಿಂತರು. ಊರು ಬಿಡುವಾಗ ದೇವರ ಪೆಟ್ಟಿಗೆ, ಕಾಗದಪತ್ರ, ಪಾತ್ರೆಗಳೊಂದಿಗೆ ಪಟಗಳನ್ನೂ ತಂದಿದ್ದರು. ಅಂಥ ಒಂದು ಮನೆಯಲ್ಲಿ ಗೆದ್ದಲು ತಿಂದ ಚೌಕಟ್ಟಿನೊಳಗೆ ಒಬ್ಬ ಹೆಂಗಸಿನ ಛಾಯಾಚಿತ್ರವನ್ನು ನಾನು ನೋಡಿದ್ದೇನೆ. ಕಚ್ಚೆ ಹಾಕಿ ಉಟ್ಟ ಸೀರೆ, ಮಡಿ ಮಡಿಯಾಗಿ ಇಳಿದ ಸೆರಗು, ದೊಡ್ಡ ಮೂಗುತಿ. ಯಾರೆಂದು ಕೇಳಿದರೆ ಮನೆಯವರಿಗೆ ತಿಳಿಯದು. “ನಮ್ಮ ಆಜ್ಜಿಗೆ ಗೊತ್ತಿತ್ತು” ಎಂದರು. ಅಜ್ಜಿ ತೀರಿಕೊಂಡು ಹತ್ತು ವರ್ಷವಾಗಿತ್ತು. ಊರು ನೀರಿನಲ್ಲಿ ಮುಳುಗಿದಂತೆ ಆ ಮುಖದ ಹೆಸರು ಮರವೆಯಲ್ಲಿ ಮುಳುಗಿತು. ಊರಿನದಾದರೋ ಬೇಸಗೆಯಲ್ಲಿ ನೀರು ಇಳಿದಾಗ ಏನಾದರೂ ಕಂಡೀತು. ಹೆಸರಿಗೆ ಅಂಥ ಬೇಸಗೆಯಿಲ್ಲ.

ಆದುದರಿಂದ ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಗೋಡೆಯ ಮೇಲೆ, ಟ್ರಂಕಿನ ತಳದಲ್ಲಿ, ಹಳೆಯ ಪುಸ್ತಕದ ಹಾಳೆಗಳ ನಡುವೆ ಹೆಂಗಸರ ಪಟಗಳಿದ್ದರೆ, ಹೆಸರು ಬಲ್ಲವರು ಇನ್ನೂ ಇರುವಾಗಲೇ ಅವರನ್ನು ಕೂಡಿಸಿಕೊಂಡು ಕೇಳಿರಿ. ಪಟದ ಬೆನ್ನಿನ ಮೇಲೆ ಮೆತ್ತನೆಯ ಸೀಸದ ಕಡ್ಡಿಯಿಂದ ಬರೆಯಿರಿ. ಶಾಯಿ ಮುಂದಕ್ಕೆ ಇಳಿದು ಪಟವನ್ನು ಕೆಡಿಸುತ್ತದೆ. ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆದು ನಿಲ್ಲಿಸಬೇಡಿರಿ. ಆಕೆಯ ತವರಿನವರು ಕರೆಯುತ್ತಿದ್ದ ಹೆಸರು, ಮದುವೆಯಲ್ಲಿ ಇಟ್ಟ ಹೆಸರು, ಹುಟ್ಟಿದ ಊರು, ಆಕೆಗೆ ಏನು ಬರುತ್ತಿತ್ತು, ಏನನ್ನು ಮಾಡಿದಳು ಎಂಬುದನ್ನು ಎರಡು ಸಾಲಿನಲ್ಲಾದರೂ ಸೇರಿಸಿರಿ. ಪಟವೇ ಇಲ್ಲದವರದ್ದಾದರೆ ಒಂದು ಕಾಗದದಲ್ಲಿ ಬರೆದು, ಮನೆಯ ಯಜಮಾನರ ಪಟದ ಹಿಂದೆ ಸಿಕ್ಕಿಸಿರಿ. ನಾನು ಹಾಗೆ ಮಾಡಿದ್ದೇನೆ. ಬೆತ್ತ ಹಿಡಿದ ನಮ್ಮ ಅಜ್ಜನ ಬೆನ್ನ ಹಿಂದೆ ಈಗ ಅಜ್ಜಿಯ ಹೆಸರೂ ಊರೂ ಕಟ್ಟೆಯ ಮೇಲಿನ ಆ ಒಂದು ದಿನದ ವೃತ್ತಾಂತವೂ ಇವೆ. ಮುಂದೆ ಎಂದಾದರೂ ಯಾರಾದರೂ ಆ ಚೌಕಟ್ಟನ್ನು ಬಿಚ್ಚಿದರೆ, ಅವರಿಗೆ ಇಬ್ಬರ ಪರಿಚಯವಾಗುವುದು.